ಸಂಡೂರಿನಿಂದ ಬಂದ ದನಿ

1962ರಲ್ಲಿ ಅಣುಬಾಂಬುಗಳು ಬಿದ್ದಾಗಿನಿಂದ ರೆಬೆಕ್ಕಮ್ಮ ಕೋಲಾರದ ಚಿನ್ನದ ಗಣಿಯೊಳಗೇ ಇದ್ದಳು. ಜೊತೆಗಿದ್ದವರೆಲ್ಲ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅಂದು ಬೆಳಿಗ್ಗೆ ಅಣುಒಲೆಯ ಮೇಲೆ ಗಂಜಿಗಿಟ್ಟು, ಬೀರುವಿನಷ್ಟು ದೊಡ್ಡ ವಾಲ್ವ್ ರೇಡಿಯೊದಲ್ಲಿ ಎಂದಿನಂತೆ ಕೂಗಿದಳು: "ಯಾರಾದ್ರೂ ಇದ್ದೀರಾ?"

"ಅದೀನ್ರೀ! ಸಂಡೂರು ಗಣಿಯಾಗ ಹೊನ್ನೂರಪ್ಪ ಅದೀನಿ, ಒಬ್ಬನೇ," ಎಂದಿತು ಒಂದು ಮುದಿ ದನಿ.

ಅವಳು ಸೌಟು ಕೆಳಗಿಟ್ಟು ರೇಡಿಯೊಗೆ ಕಿವಿ ಹಚ್ಚಿದಳು.

"ಉಂಡ್ಯೇನವ್ವಾ?" ಎಂದು ಅವನೇ ಕೇಳಿದ.

"ಇನ್ನೂ ಇಲ್ಲಣ್ಣಾ. ಒಬ್ಳಿಗೇ ಸೇರಲ್ಲ," ಎನ್ನುವಷ್ಟರಲ್ಲಿ ಉಳಿದಿದ್ದ ಕೊನೆಯ ವಾಲ್ವ್ ಸುಟ್ಟು ರೇಡಿಯೊ ಸತ್ತುಹೋಯಿತು.

ರೆಬೆಕ್ಕಮ್ಮ ಬಹಳ ಹೊತ್ತು ಅತ್ತಳು. ಆತ ಇನ್ನೂ ಕರೆಯುತ್ತಲೇ ಇರಬಹುದು ಎನ್ನಿಸಿತು. ಎದ್ದು ವಿಕಿರಣ ತಡೆಯುವ ಸೀಸದ ಕೋಟು ತೊಟ್ಟು, ನೀರಿನ ಡಬ್ಬ ಹೆಗಲಿಗೇರಿಸಿ, ವರ್ಷಗಟ್ಟಲೆ ಮುಚ್ಚಿದ್ದ ಬಾಗಿಲು ತೆರೆದಳು. ಬಿಸಿಲು ಕಣ್ಣಿಗೆ ಹೊಡೆಯಿತು. ಕೈ ಅಡ್ಡ ಹಿಡಿದು, ಇನ್ನೂರು ಮೈಲಿ ದೂರದ ಸಂಡೂರಿನ ಕಡೆಗೆ ನಡೆಯತೊಡಗಿದಳು.