ಫುಶೆಂಗ್‌ನ ಬಟ್ಟಲು

ಕಥೆಗಾರ ಫಾಂಗ್ ಮರದ ತುಂಡನ್ನು ಮೇಜಿಗೆ ಪಟಾರನೆ ಬಡಿದ. ಚಹಾದಂಗಡಿಯ ಗದ್ದಲ ಅಡಗಿತು.

"ಕೇಳ್ರಪ್ಪಾ! ಕೋಟೆ ಹೊರಗೆ ನಮ್ಮ ಮೂಲ ಚಕ್ರವರ್ತಿಗಳ ದಂಡು, ಒಳಗೆ ಹಳೇ ರಾಜನ ದಂಡು. ಚಳಿಗಾಲ ಪೂರ್ತಿ ಮುತ್ತಿಗೆ. ಆದ್ರೂ ನಮ್ಮೂರಲ್ಲಿ ಒಂದು ಕೂಸೂ ಹಸಿವು ಅಂತ ಅಳಲಿಲ್ಲ. ಯಾಕೆ? ನಮ್ಮ ಚಕ್ರವರ್ತಿ ಪ್ರಭುಗಳೇ ಹೊರಗಿಂದ ಬುಟ್ಟಿಗಟ್ಟಲೆ ಅಕ್ಕಿ ಕೋಟೆಯೊಳಕ್ಕೆ ಇಳಿಸಿದ್ರು!"

ಮೂಲ ಚಕ್ರವರ್ತಿ ಈಗಿನ ರಾಜವಂಶ ಕಟ್ಟಿದ್ದನ್ನು ಹೇಳುವ ಕಾದಂಬರಿ, ಹೊಸದಾಗಿ ಅಚ್ಚಾಗಿ ಬಂದದ್ದು, ಅವನ ಮುಂದೆ ತೆರೆದಿತ್ತು. ಜನ ಭೇಷ್ ಎಂದರು. ಸೂಯುನ್‌ಳೂ ಭೇಷ್ ಎನ್ನಲು ಬಾಯಿ ತೆರೆದು, ನಾಚಿಕೆಯಾಗಿ ಮುಚ್ಚಿಕೊಂಡಳು. ಅಷ್ಟರಲ್ಲಿ ಪಕ್ಕದಲ್ಲಿದ್ದ ಅವಳ ಅಜ್ಜಿ ಚಹಾ ಬಟ್ಟಲನ್ನು ಕೆಳಗಿಟ್ಟು ಎಲ್ಲರಿಗೂ ಕೇಳುವಂತೆ ಕೇಳಿದಳು:

"ಹಂಗಾದ್ರೆ ನಾವು ತಿಂದಿದ್ದು ಏನನ್ನ?"

ಬಾಗಿಲಲ್ಲಿ ಕಲ್ಲಂಗಡಿ ಬೀಜ ಸುಲಿಯುತ್ತಿದ್ದ ಊರ ಕಾವಲಿನವನ ಕೈ ನಿಂತಿತು. ಮೂಲ ಚಕ್ರವರ್ತಿಯ ವಿರುದ್ಧ ಮಾತು ಬಿದ್ದರೆ ಆಡಿದವರ ತಲೆಯಷ್ಟೇ ಉರುಳುವುದಿಲ್ಲ, ಮನೆಮಂದಿಯೆಲ್ಲರದೂ ಉರುಳುತ್ತದೆ. ಹೋದ ವರ್ಷ ಬಣ್ಣಗಾರರ ಓಣಿಯಲ್ಲಿ ಹಾಗೇ ಆಗಿತ್ತು. ಎಂದೂ ನಾಲ್ಕು ಜನರೆದುರು ದನಿಯೆತ್ತದ ಸೂಯುನ್ ಎದ್ದು ನಿಂತುಬಿಟ್ಟಳು.

"ಅರಳುಮರಳು ಸ್ವಾಮಿ ಅಜ್ಜಿಗೆ! ಮುತ್ತಿಗೆ ಆದಾಗ ನಮ್ಮೋರು ಈ ಊರಲ್ಲೇ ಇರಲಿಲ್ಲ. ಬೆಳಿಗ್ಗೆ ಗಂಜಿ ಕುಡಿದಿದ್ದೇ ಮರೆತುಬಿಡ್ತಾಳೆ, ಇನ್ನು ಇದು!"

ಕಾವಲಿನವ ಇಬ್ಬರನ್ನೂ ನೋಡಿದ. ಆಮೇಲೆ ಸಿಪ್ಪೆ ಉಗಿದು, "ಮುದುಕಿ ಬಾಯಿಗೆ ಒಂದು ಕಡುಬು ತುರುಕಮ್ಮಾ, ಸುಮ್ಮನಿರ್ತಾಳೆ," ಎಂದ. ಜನ ನಕ್ಕರು. ಸೂಯುನ್ ಅಜ್ಜಿಯ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ಕಾಲುವೆ ಪಕ್ಕದ ಓಣಿಯಲ್ಲಿ ಯಾರೂ ಇರಲಿಲ್ಲ. ಅಜ್ಜಿಯ ಕಂಕುಳಲ್ಲಿ ಸಿಹಿ ಅಕ್ಕಿ ಉಂಡೆಗಳ ಗಂಟು. ನಾಳೆ ಸಮಾಧಿ ಗುಡಿಸಿ ಸತ್ತವರಿಗೆ ಎಡೆಯಿಡುವ ಹಬ್ಬ. ಪ್ರತಿ ವರ್ಷವೂ ಅಜ್ಜಿ ಪಕ್ಕದ ಮನೆಯ ಲೂ ಎಂಬಾಕೆಯ ಸತ್ತ ಮಗ ಫುಶೆಂಗ್‌ನ ಹೆಸರಿನಲ್ಲಿ ಬಟ್ಟಲು ಇಡುತ್ತಿದ್ದಳು. ತನ್ನದೇ ಸತ್ತ ಮಗ ಆಬಾವ್‌ಗೆ ಇಡುತ್ತಿರಲಿಲ್ಲ. "ಸ್ವಂತ ಮಗನಿಗಿಂತ ಪಕ್ಕದ ಮನೆಯವನೇ ಹೆಚ್ಚಾ ನಿಂಗೆ?" ಎಂದು ಸೂಯುನ್ ರೇಗಿಸುವುದಿತ್ತು.

"ಚೆನ್ನಾಗಿ ಸುಳ್ಳು ಹೇಳ್ದೆ ಕಣೇ," ಎಂದಳು ಅಜ್ಜಿ.

"ಅಜ್ಜೀ... ನಿಜಕ್ಕೂ ಏನು ತಿಂದ್ರಿ ಆಗ?"

"ಮೊದಲು ಕುದುರೆ. ಆಮೇಲೆ ಇಲಿ. ಆಮೇಲೆ ತೊಗಲಿನ ಪಟ್ಟಿ ಬೇಯಿಸಿದ್ವಿ." ಅಜ್ಜಿ ನಡೆಯುತ್ತಲೇ ಇದ್ದಳು. "ಚಿಕ್ಕವನು ಆಬಾವ್ ಉಳಿಯೋ ಹಂಗಿರಲಿಲ್ಲ. ನಿಮ್ಮಪ್ಪನಾದ್ರೂ ಉಳೀಲಿ ಅಂತಿತ್ತು. ಲೂ ಮನೇಲೂ ಹಂಗೇ, ದೊಡ್ಡ ಮಗಳಿದ್ಲು. ಹೆತ್ತ ಕೈಗೆ ಆಗಲ್ಲ ಮಗಾ. ನಂಗೂ ಆಗಲಿಲ್ಲ, ಅವಳಿಗೂ ಆಗಲಿಲ್ಲ. ಅದಕ್ಕೇ ಹಿತ್ತಲ ಗೋಡೆ ಮೇಲಿಂದ ಅದಲುಬದಲು ಮಾಡ್ಕೊಂಡ್ವಿ."

"ಏನನ್ನ?" ಎಂದಳು ಸೂಯುನ್. ಕೇಳಿದ ಮೇಲೆ ಕೇಳಬಾರದಿತ್ತು ಅನಿಸಿತು.

ಅಜ್ಜಿ ನಿಂತು, ಸಡಿಲವಾಗಿದ್ದ ಗಂಟನ್ನು ಬಿಗಿಯಾಗಿ ಕಟ್ಟಿದಳು. "ಯಾರಿಂದ ನಮ್ಮ ಹೊಟ್ಟೆ ತುಂಬಿತೋ ಅವರಿಗೆ ನಾವು ಉಣ್ಣಿಸಬೇಕು. ನಾನು ಫುಶೆಂಗ್‌ಗೆ ಇಡ್ತೀನಿ. ಆಬಾವ್‌ಗೆ ಲೂ ಇಡ್ತಾಳೆ."

ಸೂಯುನ್ ಗೋಡೆ ಹಿಡಿದು ನಿಂತಳು. ಅಪ್ಪನ ಅಗಲವಾದ ಭುಜಗಳು ಕಣ್ಣಮುಂದೆ ಬಂದವು. ಚಿಕ್ಕಂದಿನಲ್ಲಿ ಆ ಭುಜಗಳ ಮೇಲೆ ಕೂತೇ ಅವಳು ದೀಪದ ಹಬ್ಬ ನೋಡಿದ್ದು.

ಮನೆಗೆ ಬಂದ ಅಜ್ಜಿ ಹಿತ್ತಲಲ್ಲಿ ಕೂತು ನಾಳೆಯ ಬಟ್ಟಲು ತೊಳೆಯತೊಡಗಿದಳು. ಗೋಡೆಯಾಚೆಯಿಂದ ಲೂ ಕೂಗಿದಳು, ದಿನಾ ಉಪ್ಪೋ ಬೆಂಕಿಯೋ ಕೇಳುವ ಅದೇ ದನಿಯಲ್ಲಿ:

"ಅಕ್ಕಾ, ಈ ಸಲ ಗಂಜಿಗೆ ಶುಂಠಿ ಹಾಕಲಾ? ನಿಮ್ಮ ಆಬಾವ್‌ಗೆ ಖಾರ ಆಗ್ತಿರಲಿಲ್ಲ ಅಲ್ವಾ?"

"ಚೂರೇ ಚೂರು ಹಾಕು," ಎಂದಳು ಅಜ್ಜಿ. "ನಿನ್ನ ಫುಶೆಂಗ್‌ಗೆ ಸಿಹಿ ತಂದಿದೀನಿ."