ಎರಡು ಬಾಟಲಿ ನೀರು

ಹಗ್ಗಕ್ಕೆ ಅವಳ ಅರ್ಧ ತಿಂಗಳ ಸಂಬಳ ಹೋಯಿತು. ಬೂಟಿಗೆ ಉಳಿದರ್ಧ. ಪೊದೆ ಕಡಿಯುವ ಕತ್ತಿಯನ್ನು, ಅವಳ ಜೊತೆ ಹೊರಟಿದ್ದ ಉದ್ದಣ್ಣ ಯಾರ ಹತ್ತಿರವೋ ಎರವಲು ತಂದ. ನೀರಿಗೆ ಖರ್ಚಿಲ್ಲ. ತಲೆಗೆ ಎರಡು ಬಾಟಲಿ, ಅಷ್ಟೇ.

“ಎರಡು ಸಾಲದು,” ಎಂದರು ದೊಡ್ಡಪ್ಪ. ಬೆಳಗಿನಿಂದ ಇದು ನಾಲ್ಕನೇ ಸಲ.

“ಎರಡನೇ ದಿನ ಮಧ್ಯಾಹ್ನ ಕೊರಕಲು ಸಿಗುತ್ತೆ ದೊಡ್ಡಪ್ಪ. ಅದರಲ್ಲಿ ತೊರೆ ಇದೆ. ನಕ್ಷೆಯಲ್ಲಿ ನೀವೇ ಬರೆದಿರೋದು.”

ದೊಡ್ಡಪ್ಪ ಮೂರನೇ ಬಾಟಲಿಗೆ ನೀರು ತುಂಬತೊಡಗಿದರು.

ಅವರ ಹಳೆಯ ಮೇಜಿನ ಮೇಲೆ ನಕ್ಷೆ ಹರಡಿತ್ತು. ಉತ್ತರಕ್ಕೊಂದು ಶಿಖರ, ದಕ್ಷಿಣಕ್ಕೊಂದು. ನಡುವೆ ಕಾಲುದಾರಿಯೂ ಇಲ್ಲದ ಕಾಡು. ಆ ಕಾಡಿನ ನಡುಮಧ್ಯೆ ನೀಲಿ ನೂಲಿನಂಥ ತೊರೆ, ಅದರ ಎರಡೂ ಕಡೆ ಒತ್ತೊತ್ತಾಗಿ ಎಳೆದ ಗೆರೆಗಳು. ಗೆರೆ ಒತ್ತಾದಷ್ಟೂ ಇಳಿಜಾರು ಕಡಿದು. ಮೂವತ್ತು ವರ್ಷದ ಹಿಂದೆ ಅವಳ ಅಪ್ಪ ಬಿದ್ದು ಸತ್ತದ್ದು ಅಲ್ಲಿ.

ಆಗ ಅವಳಿಗೆ ಐದು ತಿಂಗಳು. ದೊಡ್ಡಪ್ಪ ಸರ್ವೇಯರ್. ಅಪ್ಪ ಅವರ ಹಿಂದೆ ಅಳತೆಯ ಸರಪಳಿ ಹಿಡಿಯುವವನು. ರಕ್ತಸಂಬಂಧ ಏನೂ ಇಲ್ಲ. ಇಬ್ಬರು ಕಾಡಿಗೆ ಹೋದರು, ಒಬ್ಬರು ಬಂದರು. ಕಚೇರಿಯ ಸಾಹೇಬರು ನಕ್ಷೆಯ ಗೆರೆ ನೋಡಿ, ಅಲ್ಲಿ ಇಳಿದು ಹೆಣ ತರುವವನು ಇನ್ನೂ ಹುಟ್ಟಿಲ್ಲ ಎಂದು ಕಡತ ಮುಚ್ಚಿದರು. ಕೆಲಸದ ಮೇಲೆ ಸತ್ತವನ ಹೆಂಡತಿಯೆಂದು ಅಮ್ಮನಿಗೆ ಪಿಂಚಣಿ ಬಂತು. ಅದರಲ್ಲೇ ಮಗಳನ್ನು ಓದಿಸಿದಳು. ನಕ್ಷೆಯ ಒಂದು ಪ್ರತಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಮಗಳು ಸ್ಟೂಲ್ ಹತ್ತಿ, ಗಾಜಿನ ಮೇಲೆ ಬೆರಳಿಟ್ಟು, ಪರೀಕ್ಷೆಯಲ್ಲಿ ಬಂದ ಅಂಕಗಳನ್ನು ಕೊರಕಲಿಗೆ ಹೇಳುತ್ತಿದ್ದಳು.

ಹೋದ ವರ್ಷ ಅಮ್ಮ ತೀರಿಕೊಂಡಳು. ಕಡೆಗೆ ಹೇಳಿದ್ದು ಒಂದೇ ಮಾತು: “ಅವರನ್ನ ಅಲ್ಲೇ ಬಿಡಬೇಡ.”

ಆ ಮಾತು ಕೇಳಿದಂದಿನಿಂದ ದೊಡ್ಡಪ್ಪ ಹೊಟ್ಟೆತುಂಬ ಉಂಡಿಲ್ಲ.

ಸೋಮವಾರ ದಿಕ್ಸೂಚಿ ಮಾಯವಾಯಿತು. ಸಕ್ಕರೆ ಡಬ್ಬಿಯಲ್ಲಿ ಸಿಕ್ಕಿತು. ಬುಧವಾರ ಬೂಟಿನ ಲೇಸುಗಳನ್ನು ಯಾರೋ ಕತ್ತರಿಸಿದ್ದರು. ಆ ಕಾಡಿನ ಅಳತೆ ಪುಸ್ತಕ ಕೊಡಿ ಎಂದರೆ, ಕಳೆದುಹೋಯಿತು ಎಂದರು. ಅವರ ಮಂಚದ ಕೆಳಗಿನ ಕಬ್ಬಿಣದ ಪೆಟ್ಟಿಗೆಗೆ ಹೊಸ ಬೀಗ ಬಿದ್ದಿತ್ತು.

ಅದು ಅವಳಿಗೆ ಚುಚ್ಚಿತು. ಅವಳಿಗೆ ಲೆಕ್ಕ ಕಲಿಸಿದವರೇ ಅವರು. ರಬ್ಬರ್ ಮುಟ್ಟಲು ಬಿಡುತ್ತಿರಲಿಲ್ಲ. ತಪ್ಪಾದರೆ ಮೇಲೊಂದು ಗೆರೆ ಎಳಿ, ಅಳಿಸಬೇಡ. ಅಳತೆ ಪುಸ್ತಕದಲ್ಲಿ ಅಳಿಸಿದವನು ಸರ್ವೇಯರೇ ಅಲ್ಲ ಎನ್ನುತ್ತಿದ್ದರು. ಅಂಥವರು ಪುಸ್ತಕ ಕಳೆದುಕೊಳ್ಳುತ್ತಾರೆಯೇ?

ಉದ್ದಣ್ಣ ಅವಳ ಜೊತೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು. ಬೆಟ್ಟವೆಂದರೆ ಹುಚ್ಚು. ಅವಳನ್ನು ಅಡುಗೆಮನೆಗೆ ಕರೆದು, ನಲ್ಲಿ ಜೋರಾಗಿ ತಿರುಗಿಸಿ, ಪಿಸುಗುಟ್ಟಿದ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಅಲ್ಲಿ ನಿನಗೆ ಏನು ಸಿಗುತ್ತೋ ಅಂತ ಅವರಿಗೆ ಭಯ.”

“ಬಾಯಿ ಮುಚ್ಚು. ನನ್ನ ಎತ್ತಿ ಆಡಿಸಿದವರು ಅವರು.”

“ನಾನೂ ಅದನ್ನೇ ಕೇಳ್ತಿರೋದು. ಯಾರದೋ ಮಗೂನ ಮೂವತ್ತು ವರ್ಷ ಯಾರಾದ್ರೂ ಸುಮ್ಮನೆ ನೋಡ್ಕೋತಾರಾ?”

ಅವಳು ನಲ್ಲಿ ನಿಲ್ಲಿಸಿದಳು. ಕೊರಕಲಿನ ಅಂಚು. ಇಬ್ಬರು ಗಂಡಸರು. ಒಂದು ಸರಪಳಿ. ನೋಡಿದವರು ಯಾರೂ ಇಲ್ಲ. ನಾಳೆ ಬೆಳಿಗ್ಗೆ ಬಸ್ಸು. ಈಗ ಕೇಳದಿದ್ದರೆ ಮತ್ತೆಂದೂ ಕೇಳಲಾರಳು.

ಹೊರಗೆ ಬಂದಳು. ದೊಡ್ಡಪ್ಪ ನೆಲದ ಮೇಲೆ ಕೂತು ಅವಳ ಚೀಲಕ್ಕೆ ಬಾಟಲಿ ತುರುಕುತ್ತಿದ್ದರು. ಐದು, ಆರು, ಏಳು. ಎಂಟನೆಯದು ಹಿಡಿಸಲಿಲ್ಲ. ಹಗ್ಗವನ್ನು ಕಿತ್ತು ಹೊರಗೆ ಹಾಕಿದರು.

“ಹಗ್ಗ ಯಾಕೆ ತೆಗೀತಿದ್ದೀರಿ?”

ದೊಡ್ಡಪ್ಪ ಎಂಟನೆಯ ಬಾಟಲಿಯನ್ನು ಅದರ ಜಾಗಕ್ಕೆ ತುರುಕಿದರು.

“ದೊಡ್ಡಪ್ಪ, ನೀವೇ ತಳ್ಳಿದ್ರಾ?”

ಅವರು ತಲೆಯೆತ್ತಿ ನೋಡಿದರು. ಕೋಪ ಬರಬೇಕಿತ್ತು. ಬರಲಿಲ್ಲ. ಅಂಗಿ ಜೇಬಿನಿಂದ ಬೀಗದ ಕೈ ತೆಗೆದು, ಕೋಣೆಗೆ ಹೋಗಿ, ಸಣ್ಣದೊಂದು ಪುಸ್ತಕ ತಂದು ಅವಳ ಮುಂದಿಟ್ಟರು.

“ಈ ಪುಸ್ತಕದಲ್ಲಿ ನಾನು ಸುಳ್ಳು ಬರೆದಿಲ್ಲ ಪುಟ್ಟಿ. ಇದರಲ್ಲಿ ಮಾತ್ರ.”

ಪೆನ್ಸಿಲ್ ಅಕ್ಷರ, ಅವಳಿಗೆ ಗುರುತಿದ್ದದ್ದೇ.

‘ಹನ್ನೊಂದನೇ ದಿನ. ಎರಡು ಶಿಖರಗಳ ನಡುವೆ. ನೆಲ ಸಮತಟ್ಟು. ಹುಲ್ಲು, ಮುಳ್ಳು. ಎರಡು ದಿನ ನಡೆದರೂ ಎಲ್ಲಿಯೂ ನೀರಿಲ್ಲ.’

ಅದರ ಕೆಳಗೆ:

‘ಸರಪಳಿಯವನು ಬೆಳಿಗ್ಗೆ ಗಂಟು ಕಟ್ಟಿಕೊಂಡು ಪೂರ್ವಕ್ಕೆ ನಡೆದುಹೋದ. ಹೆಂಡತಿ ಮಗು ಬೇಡವಂತೆ. ಕೂಗಿದೆ. ತಿರುಗಿ ನೋಡಲಿಲ್ಲ.’

ಅವಳು ಪುಸ್ತಕ ನೋಡಿದಳು. ನಕ್ಷೆ ನೋಡಿದಳು. ನೀಲಿ ತೊರೆಯ ಮೇಲೆ ಬೆರಳಿಟ್ಟಳು.

“ಮತ್ತೆ ಈ ಕೊರಕಲು?”

“ಓಡಿಹೋದವನ ಹೆಂಡತಿಗೆ ಪಿಂಚಣಿ ಕೊಡಲ್ಲ,” ಎಂದರು ದೊಡ್ಡಪ್ಪ. “ಅವನು ಬೀಳೋಕೆ ಒಂದು ಜಾಗ ಬೇಕಿತ್ತು. ಬರೆದೆ.”

ಹಗ್ಗವನ್ನು ಅಂಗಡಿಯವನು ವಾಪಸ್ಸು ತೆಗೆದುಕೊಂಡ. ನೀರಿಲ್ಲದ ಕಾಡಿಗೆ ಎರಡೆರಡು ಬಾಟಲಿ ಹಿಡಿದು ಹೊರಟಿದ್ದ ಎರಡು ಜೀವ ಉಳಿದವು. ಹೋದದ್ದು ಒಂದು ಕೊರಕಲು, ಮತ್ತು ಅದರೊಳಗೆ ಕೂತು ಅವಳ ಅಂಕಗಳನ್ನೆಲ್ಲ ಕೇಳಿಸಿಕೊಂಡಿದ್ದ ಅಪ್ಪ.