ಕತ್ತಿ ಮುಟ್ಟದ ಗಡ್ಡ

ಹೆಚ್ಚಿದ ಈರುಳ್ಳಿಯನ್ನು ತೂಬಾ ಗಂಡ ಹಾಕಿಕೊಂಡಿದ್ದ ವಿಷಾನಿಲ ತಡೆಯುವ ಮುಖವಾಡದ ರಬ್ಬರ್ ಅಂಚಿಗೆ ಹಿಡಿದಳು. ಐದು ಎಣಿಸುವಷ್ಟರಲ್ಲಿ ದುಂಡನೆಯ ಗಾಜುಗಳ ಹಿಂದೆ ನೆಜಾತನ ಕಣ್ಣು ತುಂಬಿ ಹರಿಯಿತು. ಅವನು ಮುಖವಾಡ ಕಿತ್ತೆಸೆದು ಅಂಗಳದ ಕೊಳಕ್ಕೆ ಓಡಿ ಮುಖಕ್ಕೆ ನೀರೆರಚಿಕೊಂಡ.

“ನಿನ್ನೆ ತರಬೇತಿ ಶಿಬಿರದಲ್ಲೂ ಹೀಗೇ ಆಯ್ತು. ಹೊಗೆ ತುಂಬಿದ ಡೇರೆಯೊಳಕ್ಕೆ ಮಾಸ್ಕ್ ಹಾಕಿಸಿ ಕಳಿಸಿದ್ರು. ಉಳಿದವ್ರು ನೆಟ್ಟಗೆ ನಡ್ಕೊಂಡು ಆಚೆ ಬಂದ್ರು. ನಾನು ಮೊಹರಮ್ಮಲ್ಲೂ ಅಷ್ಟು ಅತ್ತಿಲ್ಲ.”

“ಗಡ್ಡದ ಸಂದಿ ಮುಚ್ಚೋಕೆ ವ್ಯಾಸಲೀನ್ ಹಚ್ಚು ಅಂದಿದ್ರಂತಲ್ಲ?”

“ಒಂದು ಡಬ್ಬಿ ಬಳಿದೆ. ಗಡ್ಡ ಹೊಳೀತು, ಅಷ್ಟೇ. ‘ಅಣ್ಣಾ, ಇಲ್ಲಿ ಬರೀ ಕಣ್ಣೀರು, ಅಲ್ಲಿ ಉಸಿರೇ ನಿಲ್ಲುತ್ತೆ, ಬೋಳಿಸ್ಕೊಂಡು ಬಾ’ ಅಂದ್ರು ಕಲಿಸೋರು.”

ಜಗಲಿಯ ಮೇಲೆ ಅವರೆ ಬಿಡಿಸುತ್ತಿದ್ದ ಅವನ ತಾಯಿ ಗೋಹರ್ ತಲೆ ಎತ್ತಲಿಲ್ಲ. “ಯುದ್ಧ ಮುಗಿಯೋವರೆಗೆ ಈ ಮುಖಕ್ಕೆ ಕತ್ತಿ ಮುಟ್ಟಿಸಲ್ಲ ಅಂತ ದಾನಿಯಾಲ್ ಪ್ರವಾದಿ ಗೋರಿ ಮುಂದೆ ಹರಕೆ ಹೊತ್ತಿದೀನಿ. ಅದನ್ನ ಮುರಿದು ಹೋದ ಮಗ ನಂಗೆ ವಾಪಸ್ ಸಿಗ್ತಾನಾ?”

ಮುಂಚೂಣಿಗೆ ಹೊರಡುವ ಬಸ್ಸು ನಾಲ್ಕು ಗಂಟೆಗೆ. ಈಗ ಹನ್ನೆರಡೂವರೆ. ಗಡ್ಡ ಇದ್ದರೂ ಇಲ್ಲದಿದ್ದರೂ ನೆಜಾತ್ ಹೋಗಿಯೇ ಹೋಗುತ್ತಾನೆ ಎಂಬುದು ತೂಬಾಗೆ ಗೊತ್ತಿತ್ತು. ಎದುರು ಮನೆಯವನು ಹೋದ ತಿಂಗಳು ಅಲ್ಲಿಂದಲೇ ಮರಳಿದ್ದ. ಅವನ ಕೆಮ್ಮು ಹಗಲೆಲ್ಲ ಗೋಡೆ ದಾಟಿ ಬರುತ್ತಿತ್ತು. ದೆಜ್ಫೂಲ್ ಊರಿನ ಆ ಬೀದಿಯಲ್ಲಿ ಮದುವೆಗೆ ಮುಂಚೆ ಹೆಣ್ಣುಮಕ್ಕಳ ಮುಖದ ಕೂದಲನ್ನು ದಾರದಿಂದ ಕೀಳುತ್ತಿದ್ದವಳು ತೂಬಾ. ಪ್ರತಿ ಮದುಮಗಳ ಕೆನ್ನೆಯೂ ಅವಳ ಬೆರಳಿಗೆ ಗೊತ್ತು. ಎರಡು ವರ್ಷ ಸಂಸಾರ ಮಾಡಿದ ಗಂಡನ ಕೆನ್ನೆ ಮಾತ್ರ ಗೊತ್ತಿಲ್ಲ.

ಅವಳು ಒಳಗೆ ಹೋಗಿ ತನ್ನ ಕಸುಬಿನ ಪೆಟ್ಟಿಗೆ ತಂದಳು. ಉಂಡೆಯಿಂದ ಒಂದು ಮೊಳ ದಾರ ಎಳೆದು, ತುದಿಯನ್ನು ಹಲ್ಲಲ್ಲಿ ಕಚ್ಚಿ ಅತ್ತೆಯತ್ತ ತಿರುಗಿದಳು.

“ಕತ್ತಿ ಬೇಡ ಬೀಬಿ. ಇದು ಸಾಕು.”

“ದಾರನಾ!” ನೆಜಾತ್ ಎರಡು ಹೆಜ್ಜೆ ಹಿಂದೆ ಸರಿದ. “ನಾನೇನು ಮದುಮಗಳಾ?”

ಗೋಹರ್ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. ಅವಳು ಸೊಸೆಯ ಬೆರಳುಗಳನ್ನೇ ನೋಡಿದಳು. “ಪ್ರವಾದಿಗೆ ನಾನು ಕತ್ತಿ ಅಂದಿದ್ದೆ,” ಎಂದಳು ನಿಧಾನವಾಗಿ. “ದಾರದ ಮಾತೇ ಎತ್ತಿರಲಿಲ್ಲ.”

“ಅಮ್ಮಾ!”

“ಮಲಕ್ಕೋ.”

“ಮೊದಲು ಕತ್ತರೀಲಿ ಗಿಡ್ಡ ಮಾಡ್ಬೇಕು ಬೀಬಿ.”

“ಮಾಡು. ಅದೂ ಹರಕೇಲಿಲ್ಲ.” ಗೋಹರಳಿಗೆ ಈಗ ಹುರುಪೇ ಬಂದುಬಿಟ್ಟಿತ್ತು. ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕಿವಿ ಹಿಡಿದಳು.

ರಬ್ಬರ್ ಕೂರುವ ಜಾಗದಲ್ಲಿ ಎರಡು ಬೆರಳಗಲ ಮಾತ್ರ ಎಂದು ನೆಜಾತ್ ಚೌಕಾಸಿ ಮಾಡಿದ. ಸರಿ ಎಂದು ತೂಬಾ ಬಿಳಿ ಪುಡಿ ಬಳಿದು ದಾರ ಆಡಿಸಿದಳು. ಮೊದಲ ಎಳೆತಕ್ಕೇ ಅವನು ಹಾಕಿದ ಕೂಗಿಗೆ ಪಾರಿವಾಳಗಳು ಹಾರಿಹೋದವು. ಅರ್ಧ ಗಂಟೆಯಲ್ಲಿ ಕೆನ್ನೆಯಿಂದ ಕೆನ್ನೆಗೆ ಗದ್ದದಡಿಯಲ್ಲಿ ಒಂದು ದಾರಿ ಬಿತ್ತು. ಒಳಗೊಂದು ಗಡ್ಡ, ಹೊರಗೊಂದು ಗಡ್ಡ. ಅದನ್ನು ನೋಡಿದ ಗೋಹರ್ ನಗು ತಡೆಯಲಾರದೆ ಅವನ ಕಿವಿಗಳನ್ನೇ ಬಿಟ್ಟಳು. “ಹೊಲಕ್ಕೆ ಕಾಲುವೆ ತೋಡಿದ ಹಾಗಿದೆಯಲ್ಲೇ! ಎಲ್ಲ ತೆಗೆದುಬಿಡು, ಈ ಮುಖ ನೋಡಿದ್ರೆ ಶತ್ರು ನಕ್ಕು ಸಾಯ್ತಾನೆ.”

“ಸಾಯ್ಲಿ ಬಿಡಮ್ಮಾ, ಒಳ್ಳೇದೇ ಅಲ್ವಾ! ಅಯ್ಯೋ! ತೂಬಾ, ನಿಧಾನ, ನಿಧಾನ!”

ಗೋಡೆಯಾಚೆಯಿಂದ ಪಕ್ಕದ ಮನೆಯ ಸನೋಬರ್ ಕೂಗಿದಳು. “ಗೋಹರ್, ಯಾರ ಮದುವೇನೇ? ಹುಡುಗಿ ಹೀಗೆ ಕಿರುಚ್ತಾಳಲ್ಲ!”

“ಹುಡುಗಿ ಅಲ್ಲ ಕಣೇ, ನನ್ನ ಮಗ!”

ಮದುವೆಮನೆಯಲ್ಲಿ ನಾಲಿಗೆ ಹೊರಳಿಸಿ ಕೂಗುವ ಹಾಗೆ ಸನೋಬರ್ ಉದ್ದಕ್ಕೆ ಕೂಗಿದಳು. ಅದಕ್ಕೆ ಹಿಂದಿನ ಮನೆ ದನಿಗೂಡಿಸಿತು, ಅದರಾಚೆಯ ಮನೆಯೂ. ಮದುವೆಯಲ್ಲಿ ಎರಚುವ ಸಕ್ಕರೆ ಮಿಠಾಯಿ ಮುಷ್ಟಿಗಟ್ಟಲೆ ಗೋಡೆ ಮೇಲಿಂದ ಬಂದು ಅಂಗಳದಲ್ಲಿ ಚೆಲ್ಲಾಡಿತು.

ಮೂರು ಗಂಟೆಗೆ ನೆಜಾತನ ಮುಖ ಬೇಯಿಸಿದ ಬೀಟ್‌ರೂಟಿನಂತಿತ್ತು. ಗದ್ದದ ನಡುವೆ ಒಂದು ಪುಟ್ಟ ಗುಳಿ. ತೂಬಾ ಅದಕ್ಕೆ ಕಿರುಬೆರಳಿಟ್ಟು ನೋಡಿದಳು. ಯಾರದೋ ಗಂಡನನ್ನು ಮುಟ್ಟಿದಂತೆ ನಾಚಿಕೆಯಾಗಿ ಕೈ ಹಿಂದೆಗೆದಳು, ಮತ್ತೆ ಇಟ್ಟಳು. ಮುಖವಾಡ ಏರಿತು. ಹೊಸ ಈರುಳ್ಳಿ ಹೆಚ್ಚಿ ಸುತ್ತ ಹಿಡಿದಳು. ಐವತ್ತು ಎಣಿಸಿದಳು, ನೂರು ಎಣಿಸಿದಳು. ಗಾಜಿನ ಹಿಂದೆ ಎರಡು ಒಣ ಕಣ್ಣುಗಳು ಪಿಳಿಪಿಳಿ ಎಂದವು. ನೆಜಾತ್ ಮುಖವಾಡದಲ್ಲೇ ಕೈ ಎತ್ತಿ, ಭುಜ ಕುಣಿಸಿ ಕೊಳದ ಸುತ್ತ ಕುಣಿದ. ಗೋಹರ್ ತಾಳ ಹಾಕಿದಳು. ತೂಬಾ ನಕ್ಕೂ ನಕ್ಕೂ ನೆಲಕ್ಕೆ ಕುಸಿದು ಕೂತಳು.

ಕುಣಿತ ಮುಗಿಸಿ ಮುಖವಾಡ ತೆಗೆದು ಕನ್ನಡಿಯ ಮುಂದೆ ನಿಂತವನು ಬೋಳು ಕೆನ್ನೆ ಸವರಿಕೊಂಡು ಗಕ್ಕನೆ ತೂಬಾ ಕಡೆ ತಿರುಗಿದ.

“ಏನಾಯ್ತು?”

“ಹೋದ ವಾರ ಸ್ಟುಡಿಯೋದಲ್ಲಿ ಫೋಟೊ ತೆಗೆಸಿಟ್ಟಿದೀನಲ್ಲ. ಅದ್ರಲ್ಲಿ ಗಡ್ಡ ಇದೆ.”

ಮುಂಚೂಣಿಗೆ ಹೊರಟ ಪ್ರತಿಯೊಬ್ಬನೂ ಅಂಥದೊಂದು ಫೋಟೊ ತೆಗೆಸಿಟ್ಟೇ ಬಸ್ಸು ಹತ್ತುತ್ತಿದ್ದ. ಬೀದಿ ತುದಿಯ ಗೋಡೆಯ ತುಂಬ ಮರಳಿ ಬಾರದವರ ಅಂಥ ಫೋಟೊಗಳೇ ಇದ್ದವು, ಮೂಲೆಗೆ ಕಪ್ಪುಪಟ್ಟಿ ಅಂಟಿಸಿಕೊಂಡು. ಇನ್ನೂ ತಾಳ ಹಾಕುತ್ತಿದ್ದ ಗೋಹರ್ ಕೈ ನಿಲ್ಲಿಸಿದಳು.

ತೂಬಾ ಎದ್ದು ಬಟ್ಟೆಯ ಧೂಳು ಕೊಡವಿದಳು.

“ಆ ಗಡ್ಡದವನು ಯಾರೋ ನಂಗೊತ್ತಿಲ್ಲ,” ಎಂದಳು. “ಆ ಫೋಟೊ ಹಿಡ್ಕೊಂಡು ಯಾರೇ ಬಂದ್ರೂ ನಾನು ಬಾಗಿಲು ತೆಗೆಯಲ್ಲ. ಫೋಟೊ ಬೇಕಿದ್ರೆ ನೀನೇ ವಾಪಸ್ ಬಂದು ಇನ್ನೊಂದು ತೆಗೆಸ್ಕೋ.”